ಕೂದಲಿನ ಸುತ್ತ ಬಿಳಿ ಗೆರೆ ಎಲ್ಲಿಂದ ಬಂತು?

ತಂಗಿಯ ಲಗ್ನಪತ್ರಿಕೆಯನ್ನು ಗದಗದಲ್ಲೇ ಅಚ್ಚು ಹಾಕಿಸೋದು ಅಂತ ಮನೆಯಲ್ಲಿ ತೀರ್ಮಾನವಾಯಿತು. ಮುದ್ರಣಕ್ಕೆ ಹೆಸರಾದ ಊರು, ಕೆಲಸ ಚೊಕ್ಕ. ಫೋಟೋ ಕಳಿಸುವ ಕೆಲಸ ಹುಬ್ಬಳ್ಳಿಯಲ್ಲಿರುವ ನನ್ನ ಪಾಲಿಗೆ ಬಂತು. ಬಿಳಿ ಗೋಡೆಯ ಮುಂದೆ ತಂಗಿಯನ್ನು ನಿಲ್ಲಿಸಿ ತೆಗೆದ ಫೋಟೋ ಅದು. ಒಂದು ಗಂಟೆ ಕೂತು ಗೋಡೆಯನ್ನೆಲ್ಲ ಅಳಿಸಿ ಕಳಿಸಿದೆ. ಹತ್ತೇ ನಿಮಿಷಕ್ಕೆ ಪ್ರೆಸ್ಸಿನಿಂದ ಫೋನ್. "ಸರ, ಹಿಂದ ಬಿಳೇದು ಹಂಗ ಐತ್ರಿ. ಪಿಎನ್‌ಜಿ ಕಳಸ್ರಿ."

ಪಿಎನ್‌ಜಿ, ಜೆಪೆಗ್ ಎರಡೂ ಚಿತ್ರ ಉಳಿಸುವ ಫೈಲಿನ ಬಗೆಗಳು. ನಾನು ಅದನ್ನು ಜೆಪೆಗ್ ಆಗಿ ಸೇವ್ ಮಾಡಿದ್ದೆ. ತಪ್ಪು ಅಲ್ಲೇ ಆಗಿತ್ತು.

ಕಂಪ್ಯೂಟರಿಗೆ ಫೋಟೋ ಅಂದರೆ ಸಣ್ಣ ಸಣ್ಣ ಚುಕ್ಕೆಗಳು, ಅಂದರೆ ಪಿಕ್ಸೆಲ್‌ಗಳು. ಒಂದೊಂದಕ್ಕೂ ಮೂರು ಅಂಕಿ: ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು. ಸಾಮಾನ್ಯವಾಗಿ ಪ್ರತಿಯೊಂದೂ 0ಯಿಂದ 255ರವರೆಗೆ. ಮೂರೂ 255 ಆದರೆ ಬಿಳಿ, ಮೂರೂ 0 ಆದರೆ ಕಪ್ಪು. "ಇಲ್ಲಿ ಏನೂ ಇಲ್ಲ" ಅಂತ ಹೇಳೋಕೆ ಈ ಮೂರರಲ್ಲಿ ಜಾಗವೇ ಇಲ್ಲ ನೋಡಿ. ಬಿಳಿಯೂ ಒಂದು ಬಣ್ಣವೇ ಅಲ್ವಾ? ಹಾಗಾಗಿ ನಾಲ್ಕನೇ ಅಂಕಿ ಬೇಕಾಗುತ್ತದೆ. ಅದರ ಹೆಸರು ಆಲ್ಫಾ. 0 ಇದ್ದರೆ ಪೂರ್ತಿ ಪಾರದರ್ಶಕ, 255 ಇದ್ದರೆ ಹಿಂದಿನದು ಚೂರೂ ಕಾಣುವುದಿಲ್ಲ.

ಇದು 1977ರ ಸುಮಾರಿಗೆ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಎಡ್ ಕ್ಯಾಟ್ಮಲ್ ಮತ್ತು ಆಲ್ವಿ ರೇ ಸ್ಮಿತ್‌ಗೆ ಹೊಳೆದ ಉಪಾಯ. ಇಬ್ಬರೂ ಮುಂದೆ ಪಿಕ್ಸಾರ್ ಎಂಬ ಅನಿಮೇಷನ್ ಕಂಪನಿ ಕಟ್ಟಿದವರು. ಚಿತ್ರದ ಹಿನ್ನೆಲೆ ಬದಲಾದಾಗಲೆಲ್ಲ ಇಡೀ ಚಿತ್ರವನ್ನು ಮತ್ತೆ ಲೆಕ್ಕ ಹಾಕುವ ಬದಲು, ಪಾರದರ್ಶಕತೆಯನ್ನೂ ಚಿತ್ರದ ಜೊತೆಗೇ ಉಳಿಸಿಟ್ಟರೆ ಹೇಗೆ ಅಂತ ಯೋಚಿಸಿದರು. ಎರಡು ಚಿತ್ರ ಬೆರೆಸುವ ಸೂತ್ರದಲ್ಲಿದ್ದ ಗ್ರೀಕ್ ಅಕ್ಷರವೇ ಹೆಸರಾಯಿತು.

ಜೆಪೆಗ್ 1992ರಲ್ಲಿ ಪ್ರಮಾಣಿತ ರೂಪಕ್ಕೆ ಬಂದದ್ದು. ನಾವು ದಿನಾ ಬಳಸುವ ಜೆಪೆಗ್ ಫೈಲಿನಲ್ಲಿ ಆಲ್ಫಾಗೆ ಖಾನೆ ಇಲ್ಲ. ಮೂರು ಖಾನೆಯ ಬುತ್ತಿ ಡಬ್ಬಿಯಲ್ಲಿ ನಾಲ್ಕನೇ ಪಲ್ಯ ಎಲ್ಲಿ ಹಾಕ್ತೀರಿ? ಅದಕ್ಕೇ ಸೇವ್ ಮಾಡುವಾಗ ಸಾಫ್ಟ್‌ವೇರ್ ಖಾಲಿ ಜಾಗಕ್ಕೆ ಸುಮ್ನೆ ಬಿಳಿಯನ್ನೋ ಕಪ್ಪನ್ನೋ ತುಂಬಿಬಿಡುತ್ತದೆ. ಆಮೇಲೆ ಫೈಲಿನ ಹೆಸರನ್ನು ಪಿಎನ್‌ಜಿ ಅಂತ ಬದಲಿಸಿದರೆ ಏನೂ ಆಗುವುದಿಲ್ಲ. ನಾನು ಅದನ್ನೂ ಮಾಡಿ ನೋಡಿದವನು.

ಗಿಫ್ ಅನ್ನೋ ಇನ್ನೊಂದು ಬಗೆಯ ಚಿತ್ರದ ಫೈಲಿನಲ್ಲಿ ಪಾರದರ್ಶಕತೆ ಇದೆ, ಆದರೆ ಅರ್ಧಂಬರ್ಧ ಅನ್ನೋದಿಲ್ಲ. ಚುಕ್ಕೆ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಅಂಚು ಗರಗಸದ ಹಾಗೆ ಕಾಣುತ್ತದೆ. 1994ರ ಕೊನೆಗೆ ಗಿಫ್ ಬಳಸುವ, ಫೈಲನ್ನು ಚಿಕ್ಕದಾಗಿಸುವ ಸಂಕೋಚನ ವಿಧಾನದ ಪೇಟೆಂಟ್ ಜಗಳ ಎದ್ದಾಗ, ಬೇಸತ್ತ ಪ್ರೋಗ್ರಾಮರ್‌ಗಳು ಸೇರಿ ಹೊಸದೊಂದನ್ನು ಕಟ್ಟಿದರು. ಅದೇ ಪಿಎನ್‌ಜಿ, 1996ರಲ್ಲಿ ಅಧಿಕೃತವಾಯಿತು. ಇದರಲ್ಲಿ ಆಲ್ಫಾಗೂ ಖಾನೆ ಇದೆ. ಜಗಳದಿಂದಲೂ ಒಳ್ಳೆಯದು ಹುಟ್ಟುತ್ತದೆ!

ಸರಿ, ಪಿಎನ್‌ಜಿ ಮಾಡೋಣ ಅಂತ ಗಿಂಪ್ ಅನ್ನೋ ಚಿತ್ರ ತಿದ್ದುವ ಸಾಫ್ಟ್‌ವೇರ್ ತೆರೆದೆ. ಅಳಿಸಿದರೆ ಮತ್ತೆ ಬಿಳಿಯೇ ಬಂತು. ಜೆಪೆಗ್ ತೆರೆದಾಗ ಆ ಲೇಯರಿಗೆ, ಅಂದರೆ ಚಿತ್ರದ ಪದರಕ್ಕೆ, ಆಲ್ಫಾ ಇರುವುದಿಲ್ಲ. ಲೇಯರ್ ಮೆನುವಿನ ಟ್ರಾನ್ಸ್‌ಪರೆನ್ಸಿಯಲ್ಲಿ 'ಆಡ್ ಆಲ್ಫಾ ಚಾನೆಲ್' ಒತ್ತಿದ ಮೇಲೆಯೇ ರಬ್ಬರಿಗೆ ಅರ್ಥ ಬರುತ್ತದೆ. ಇನ್ನೊಂದು ಮಾತು, ಅಲ್ಲಿ 'ಸೇವ್' ಕೊಟ್ಟರೆ ಗಿಂಪ್‌ನ ಸ್ವಂತ ಫೈಲ್ ಸಿಗುತ್ತದೆ. ಪಿಎನ್‌ಜಿ ಬೇಕಾದರೆ 'ಎಕ್ಸ್‌ಪೋರ್ಟ್'.

ಈಗ ಹಿನ್ನೆಲೆ ಹೋಯಿತು. ಆದರೆ ಪತ್ರಿಕೆಯ ಕುಂಕುಮ ಬಣ್ಣದ ಮೇಲೆ ಇಟ್ಟು ನೋಡಿದರೆ ತಂಗಿಯ ಕೂದಲಿನ ಸುತ್ತ ಬಿಳಿ ಗೆರೆ, ತಲೆಗೆ ಸುಣ್ಣ ಬಳಿದ ಹಾಗೆ.

ಇದರ ಲೆಕ್ಕ ನನಗೆ ತುಂಬಾ ಇಷ್ಟವಾಯಿತು. ಕೂದಲಿನ ಎಳೆ ಎಷ್ಟೋ ಸಲ ಒಂದು ಪಿಕ್ಸೆಲ್‌ಗಿಂತ ತೆಳು. ಒಂದು ಚುಕ್ಕೆಯಲ್ಲಿ ಶೇ 40 ಕೂದಲು, ಶೇ 60 ಗೋಡೆ ಇದೆ ಅಂದುಕೊಳ್ಳಿ. ಲೆಕ್ಕ ಸುಲಭವಾಗಲಿ ಅಂತ ಹೊಳಪು ಮಾತ್ರ ತಗೊಳ್ಳೋಣ. ಕೂದಲು 30, ಗೋಡೆ 250. ಕ್ಯಾಮೆರಾ ಎರಡನ್ನೂ ಬೆರೆಸಿ 12 ಕೂಡಿಸು 150, ಅಂದರೆ 162 ಅಂತ ಬರೆದುಕೊಂಡಿದೆ. ಪತ್ರಿಕೆಯ ಬಣ್ಣದ ಹೊಳಪು 80 ಇದ್ದರೆ, ಅಲ್ಲಿ ಬರಬೇಕಾದದ್ದು 12 ಕೂಡಿಸು 48, ಬರೀ 60. ನಾನು 162ನ್ನು ಹಾಗೇ ಉಳಿಸಿದ್ದೆ. ಗೋಡೆ ಹೋಗಿರಲೇ ಇಲ್ಲ, ಕೂದಲೊಳಗೆ ಸೇರಿಕೊಂಡಿತ್ತು!

ಆಲ್ಫಾವನ್ನು ಶೇ 40ಕ್ಕೆ, ಅಂದರೆ 102ಕ್ಕೆ ಇಳಿಸಿದರೂ ಸಾಲದು. ಬಣ್ಣ 162 ಆಗಿಯೇ ಉಳಿದರೆ ಉತ್ತರ ಸುಮಾರು 113. ಬಣ್ಣವನ್ನೂ 30ಕ್ಕೆ ಒಯ್ಯಬೇಕು. ತೊಂದರೆ ಏನೆಂದರೆ, ಕೈಯಲ್ಲಿರೋದು 162 ಒಂದೇ. ಕೂದಲು ಎಷ್ಟು ಪಾಲು, ಅದರ ನಿಜವಾದ ಬಣ್ಣ ಯಾವುದು, ಎರಡೂ ಗೊತ್ತಿಲ್ಲ. ಒಂದು ಸಮೀಕರಣಕ್ಕೆ ಎರಡು ಅಜ್ಞಾತ. ಎಂಥ ಜಾಣ ಸಾಫ್ಟ್‌ವೇರ್ ಆದರೂ ಇಲ್ಲಿ ಅಂದಾಜೇ ಮಾಡೋದು. ಸಿನಿಮಾದವರು ಹಸಿರು ಪರದೆ ಕಟ್ಟೋದು ಇದಕ್ಕೇ. ಹಿನ್ನೆಲೆ ಮೊದಲೇ ಗೊತ್ತಿದ್ದರೆ, ಅದೂ ಮೈಬಣ್ಣಕ್ಕೆ ಹೋಲದಿದ್ದರೆ, ಅಂದಾಜು ಸಲೀಸು.

ಪತ್ರಿಕೆಯ ಮೇಲೆ ಹಾಕಿದ ಗಣಪತಿಯ ಕಥೆ ಬೇರೆ. ಇಂಟರ್‌ನೆಟ್ಟಿನಲ್ಲಿ ಸಿಕ್ಕ ಚಿತ್ರದ ಹಿಂದೆ ಬೂದು-ಬಿಳಿ ಚೌಕಗಳಿದ್ದವು. ಚಿತ್ರ ತಿದ್ದುವ ಸಾಫ್ಟ್‌ವೇರ್‌ಗಳು "ಇಲ್ಲಿ ಖಾಲಿ" ಅಂತ ತೋರಿಸುವ ಗುರುತು ಅದು, ಹಾಗಾಗಿ ನಂಬಿ ಹಾಕಿದೆ. ಅವು ಚಿತ್ರದೊಳಗೇ ಬರೆದ ಚೌಕಗಳು. ಕರಡು ನೋಡಿದ ಚಿಗವ್ವ ಕೇಳಿದಳು: "ಗಣಪ್ಪಗ ಚೌಕಡಿ ಲುಂಗಿ ಯಾಕ ಉಡಿಸೀರಿ?"

ಕೊನೆಗೆ ಎಲ್ಲ ಸರಿ ಮಾಡಿ, ಫೋಟೋ ಅಂತ ಕಳಿಸದೆ ಡಾಕ್ಯುಮೆಂಟ್ ಅಂತಲೇ ಕಳಿಸಿದೆ. ಮೆಸೇಜಿಂಗ್ ಆಪ್‌ಗಳಲ್ಲಿ ಫೋಟೋ ಅಂತ ಕಳಿಸಿದರೆ ಅದು ಸಾಮಾನ್ಯವಾಗಿ ಮತ್ತೆ ಜೆಪೆಗ್ ಆಗಿಬಿಡುತ್ತದೆ. ರಾತ್ರಿ ಗದಗದಿಂದ ಕರಡು ಬಂತು. ಕೂದಲು ಚೆನ್ನಾಗಿತ್ತು. ಹಿಗ್ಗಿಸಿ ನೋಡಿದರೆ, ಸೊಂಟದ ಮೇಲಿಟ್ಟ ಕೈಯ ಸಂದಿಯಲ್ಲಿ ನಮ್ಮ ಮನೆ ಗೋಡೆಯ ಒಂದು ತುಂಡು, ಸ್ವಿಚ್ ಸಮೇತ, ಹಾಗೇ ಇತ್ತು.