ಸಭಾಂಗಣದ ರಿಜಿಸ್ಟರ್ ನೋಡಿದ್ದೀರಾ?

ಸಂವಿಧಾನದ ಪುಸ್ತಕವನ್ನು ಕೈಯಲ್ಲಿ ಹಿಡಿದು ಕಚೇರಿಗೆ ಬರುವ ಕಕ್ಷಿದಾರರನ್ನು ಕಂಡರೆ ನನಗೆ ಗೌರವವೂ ಉಂಟು, ತುಸು ಅಳುಕೂ ಉಂಟು. ಹಾಗೆ ಬಂದವರಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಇದ್ದರು. ತಾಲ್ಲೂಕು ಕೇಂದ್ರವೊಂದರ ಸರ್ಕಾರಿ ಗ್ರಂಥಾಲಯದ ಮೇಲ್ಮಹಡಿಯ ಸಭಾಂಗಣದಲ್ಲಿ ಭೂಸ್ವಾಧೀನದ ಬಗ್ಗೆ ಒಂದು ಸಂವಾದ ನಡೆಸಲು ಅವರ ಓದುಗರ ಬಳಗ ಅರ್ಜಿ ಕೊಟ್ಟಿತ್ತು. ‘ಆಡಳಿತಾತ್ಮಕ ಕಾರಣಗಳಿಂದ ಅನುಮತಿ ನೀಡಲು ಬರುವುದಿಲ್ಲ’ ಎಂಬ ಒಂದೂವರೆ ಸಾಲಿನ ಹಿಂಬರಹ ಬಂದಿತ್ತು. “ವಾಕ್ ಸ್ವಾತಂತ್ರ್ಯ ಮೂಲಭೂತ ಹಕ್ಕು, ಗ್ರಂಥಾಲಯ ಸಾರ್ವಜನಿಕರದ್ದು, ಇನ್ನೇನು ಬೇಕು ವಕೀಲರೇ? ನಾಳೆಯೇ ರಿಟ್ ಹಾಕಿ” ಎಂದರು. ರಿಟ್ ಎಂದರೆ ಸರ್ಕಾರದ ಕ್ರಮವನ್ನು ಪ್ರಶ್ನಿಸಿ ಉಚ್ಚ ನ್ಯಾಯಾಲಯಕ್ಕೆ ನೇರವಾಗಿ ಹಾಕುವ ಅರ್ಜಿ. “ಮೇಷ್ಟ್ರೇ, ಆ ಸಭಾಂಗಣವನ್ನು ಇದುವರೆಗೆ ಯಾರ್ಯಾರಿಗೆ ಕೊಟ್ಟಿದ್ದಾರೆ?” ಎಂದು ಕೇಳಿದೆ. ಅದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿರಬೇಕೆಂದು ಅವರಿಗೆ ಅನಿಸಿಯೂ ಇರಲಿಲ್ಲ.

ವರ್ಷಕ್ಕೆ ಎರಡು ಮೂರು ಬಾರಿಯಾದರೂ ನನ್ನ ಮೇಜಿನ ಮುಂದೆ ನಡೆಯುವ ಸಂಭಾಷಣೆ ಇದು. ಮಾತನಾಡುವ ಹಕ್ಕು ಇದೆ ಎಂದ ಮೇಲೆ ಮಾತನಾಡಲು ಸರ್ಕಾರ ಒಂದು ಕೋಣೆಯನ್ನೂ ಕೊಡಬೇಕು ಎಂದು ನಮ್ಮ ಜನ ತಿಳಿದಿದ್ದಾರೆ. ವಾಕ್ ಸ್ವಾತಂತ್ರ್ಯವನ್ನು ಕೊಡುವ ಸಂವಿಧಾನದ 19ನೇ ಅನುಚ್ಛೇದ ಹಾಗೆ ಹೇಳುವುದಿಲ್ಲ. ರೈಲ್ವೆ ಆವರಣದಲ್ಲಿ ಸಭೆ ನಡೆಸಿದ ನೌಕರ ನಿರಂಜನ್ ಸಿಂಗ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1969ರಲ್ಲಿಯೇ ಇದನ್ನು ಇತ್ಯರ್ಥಗೊಳಿಸಿದೆ: ವಾಕ್ ಸ್ವಾತಂತ್ರ್ಯವಾಗಲಿ, ಶಾಂತಿಯುತವಾಗಿ ಸಭೆ ಸೇರುವ ಸ್ವಾತಂತ್ರ್ಯವಾಗಲಿ, ಅದನ್ನು ತಮಗೆ ಇಷ್ಟಬಂದ ಜಾಗದಲ್ಲಿ ಚಲಾಯಿಸುವ ಹಕ್ಕನ್ನು ಪ್ರಜೆಗೆ ಕೊಡುವುದಿಲ್ಲ, ಆಸ್ತಿ ಸರ್ಕಾರದ್ದೆಂಬ ಮಾತ್ರಕ್ಕೆ ಈ ಮಾತು ಬದಲಾಗುವುದಿಲ್ಲ. ಬೀದಿಯ ಸ್ಥಿತಿ ಬೇರೆ. ಬೀದಿಯಲ್ಲಿ ಸಭೆ ಸೇರುವುದಕ್ಕೆ ನಮ್ಮಲ್ಲಿ ಹಳೆಯ ರೂಢಿಯ ಬಲವಿದೆ. ಅಹಮದಾಬಾದಿನ ಹಿಮ್ಮತ್ ಲಾಲ್ ಷಾ ಪ್ರಕರಣದಲ್ಲಿ, ಸಾರ್ವಜನಿಕ ರಸ್ತೆಯ ಸಭೆಗೆ ಅನುಮತಿ ಕೊಡುವ ಬಿಡುವ ಅಧಿಕಾರವನ್ನು ಯಾವ ಮಾರ್ಗಸೂಚಿಯೂ ಇಲ್ಲದೆ ಪೊಲೀಸರ ಕೈಗೆ ಒಪ್ಪಿಸಿದ್ದ ನಿಯಮವನ್ನು 1972ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ರದ್ದುಗೊಳಿಸಿತು. ಆದರೆ ಗ್ರಂಥಾಲಯದ ಮೇಲ್ಮಹಡಿ ಬೀದಿಯಲ್ಲ.

“ಹಾಗಾದರೆ ಅವರು ಹೇಳಿದ್ದೇ ಸರಿ ಅನ್ನುತ್ತೀರಾ?” ಎಂದು ಮೇಷ್ಟ್ರು ಪುಸ್ತಕ ಮುಚ್ಚಿದರು. ಇದು ಅದೇ ತಪ್ಪಿನ ಇನ್ನೊಂದು ಮಗ್ಗುಲು. ಇದನ್ನು ನಾನು ಗ್ರಂಥಪಾಲಕರಿಗೂ ಅವರ ಮೇಲಧಿಕಾರಿಗಳಿಗೂ ಹೇಳಿ ಹೇಳಿ ಸಾಕಾಗಿರುವುದರಿಂದ ಇಲ್ಲಿ ನಿಧಾನವಾಗಿ ಬರೆಯುತ್ತೇನೆ. ಸಭಾಂಗಣವನ್ನು ಹೊರಗಿನವರಿಗೆ ಕೊಡಲೇಬೇಕೆಂಬ ಕಡ್ಡಾಯ ಗ್ರಂಥಾಲಯಕ್ಕೆ ಸಾಮಾನ್ಯವಾಗಿ ಇರುವುದಿಲ್ಲ. ಅದನ್ನು ಪುಸ್ತಕದ ಗೋದಾಮು ಮಾಡಿಕೊಂಡರೂ ಯಾರೂ ಕೇಳುವಂತಿಲ್ಲ. ಆದರೆ ಒಮ್ಮೆ ಅದರ ಬಾಗಿಲನ್ನು ಹೊರಗಿನವರಿಗೆ ತೆರೆದ ಮೇಲೆ, ಇವರಿಗೆ ಕೊಡುತ್ತೇವೆ, ಅವರಿಗೆ ಕೊಡುವುದಿಲ್ಲ ಎನ್ನಬೇಕಾದರೆ ಕಾರಣ ಬೇಕು. ಆ ಕಾರಣ ‘ಅವರು ಆಡುವ ಮಾತು ನಮಗೆ ಹಿಡಿಸುವುದಿಲ್ಲ’ ಎಂಬುದಾಗಿರಬಾರದು. ಅಲ್ಲಿ 19ಕ್ಕಿಂತ ಮೊದಲು ನೆರವಿಗೆ ಬರುವುದು 14ನೇ ಅನುಚ್ಛೇದ, ಅಂದರೆ ಸಮಾನತೆ. ನಾನು ರಿಜಿಸ್ಟರ್ ಕೇಳುವುದು ಇದಕ್ಕೇ. ಕಳೆದ ಮೂರು ವರ್ಷಗಳಲ್ಲಿ ಆ ಕೋಣೆಯಲ್ಲಿ ಇಲಾಖೆಯ ಕಾರ್ಯಕ್ರಮಗಳು ಮಾತ್ರ ನಡೆದಿದ್ದರೆ ನಿಮ್ಮ ರಿಟ್ ಅರ್ಜಿ ನಿಲ್ಲುವುದು ಬಹಳ ಕಷ್ಟ. ಯೋಗ ಶಿಬಿರ, ಸಹಕಾರ ಸಂಘದ ವಾರ್ಷಿಕ ಸಭೆ, ಯಾರದೋ ಕವನ ಸಂಕಲನದ ಬಿಡುಗಡೆ, ಇವೆಲ್ಲ ನಡೆದಿದ್ದರೆ ಮಾತೇ ಬೇರೆ.

ಈ ವಿಷಯದಲ್ಲಿ ನನಗೆ ಅಚ್ಚುಮೆಚ್ಚಿನ ತೀರ್ಪು ಗ್ರಂಥಾಲಯಕ್ಕೆ ಸಂಬಂಧಿಸಿದ್ದೇ ಅಲ್ಲ. ಗ್ರಾಹಕ ಹೋರಾಟಗಾರ ಮನುಭಾಯಿ ಷಾ ಅವರು ಜೀವ ವಿಮಾ ನಿಗಮದ ನೀತಿಯನ್ನು ಟೀಕಿಸಿದ್ದರು; ಅದಕ್ಕೆ ಉತ್ತರವಾಗಿ ನಿಗಮದ ಅಧಿಕಾರಿಯೊಬ್ಬರು ಬರೆದ ಲೇಖನವನ್ನು ನಿಗಮವು ತನ್ನ ‘ಯೋಗಕ್ಷೇಮ’ ಪತ್ರಿಕೆಯಲ್ಲಿ ಪ್ರಕಟಿಸಿತು; ಷಾ ಅವರ ಮರುತ್ತರವನ್ನು ಮಾತ್ರ, ಇದು ನಮ್ಮ ಮನೆಯ ಪತ್ರಿಕೆ ಎಂದು ನಿರಾಕರಿಸಿತು. ಸಾರ್ವಜನಿಕ ಹಣದಿಂದ ನಡೆಯುವ ಸಂಸ್ಥೆ ಒಂದು ಕಡೆಯ ಮಾತನ್ನು ಅಚ್ಚುಮಾಡಿ ಇನ್ನೊಂದು ಕಡೆಯ ಮಾತನ್ನು ಹೊರಗಿಡುವುದು ನ್ಯಾಯವಲ್ಲವೆಂದು ಸುಪ್ರೀಂ ಕೋರ್ಟ್ 1992ರಲ್ಲಿ ಹೇಳಿತು. ಪತ್ರಿಕೆಯ ಪುಟಕ್ಕೂ ಸಭಾಂಗಣಕ್ಕೂ ವ್ಯತ್ಯಾಸವಿದೆ, ಎದುರು ವಕೀಲರು ಅದನ್ನೇ ಹಿಡಿದು ವಾದಿಸಬಹುದು. ಆದರೂ ನಮ್ಮ ಆಸ್ತಿ ತೆರಿಗೆಯ ಪ್ರತಿ ರೂಪಾಯಿಯ ಮೇಲೆ 6 ಪೈಸೆ ಗ್ರಂಥಾಲಯ ಕರ ಕಟ್ಟುವವರು ನಾವೇ ಆಗಿರುವುದರಿಂದ ಈ ತೀರ್ಪಿನ ತರ್ಕವನ್ನು ನಾನು ಧೈರ್ಯವಾಗಿ ಮುಂದಿಡುತ್ತೇನೆ.

ವಾಚನಾಲಯದ ಮಾತು ಬೇರೆ. ಅಲ್ಲಿ ಮೌನವೇ ನಿಯಮ, ಭಾಷಣಕ್ಕೆ ಎಡೆಯಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತ ಬೆಳಿಗ್ಗೆಯಿಂದ ಕುಳಿತ ಹುಡುಗರ ಹಕ್ಕು ಅಲ್ಲಿ ದೊಡ್ಡದು. ಆದರೆ ಮೌನದ ನಿಯಮವೂ ಎಲ್ಲರಿಗೂ ಒಂದೇ ಆಗಿರಬೇಕು. 1964ರಲ್ಲಿ ಅಮೆರಿಕದ ಲೂಸಿಯಾನ ರಾಜ್ಯದ ಕ್ಲಿಂಟನ್ ಎಂಬ ಊರಿನಲ್ಲಿ ಐವರು ಕಪ್ಪು ತರುಣರು ಬಿಳಿಯರಿಗೆಂದೇ ನಡೆಯುತ್ತಿದ್ದ ಗ್ರಂಥಾಲಯಕ್ಕೆ ಹೋಗಿ, ಒಂದು ಪುಸ್ತಕ ಕೇಳಿ, ಅದು ಅಲ್ಲಿಲ್ಲವೆಂದು ತಿಳಿದ ಮೇಲೂ ಹೊರಗೆ ಹೋಗದೆ ಹತ್ತು ಹದಿನೈದು ನಿಮಿಷ ಸದ್ದಿಲ್ಲದೆ ಅಲ್ಲೇ ಉಳಿದರು. ಶಾಂತಿಭಂಗದ ಆರೋಪದ ಮೇಲೆ ಅವರಿಗೆ ಶಿಕ್ಷೆಯಾಯಿತು. ಎರಡು ವರ್ಷಗಳ ನಂತರ ಅಲ್ಲಿನ ಸುಪ್ರೀಂ ಕೋರ್ಟ್ ನಾಲ್ಕರ ವಿರುದ್ಧ ಐದು ಮತಗಳಿಂದ ಆ ಶಿಕ್ಷೆಯನ್ನು ರದ್ದುಮಾಡಿತು. ಗ್ರಂಥಾಲಯದ ಬಳಕೆಗೆ ನಿಯಮ ಮಾಡುವ ಅಧಿಕಾರ ಸರ್ಕಾರಕ್ಕೆ ಇದೆ, ಆದರೆ ಅದು ಸಮಂಜಸವಾಗಿದ್ದು ಯಾರ ಮೇಲೂ ತಾರತಮ್ಯ ತೋರಬಾರದು ಎಂಬುದು ನ್ಯಾಯಮೂರ್ತಿ ಫೋರ್ಟಾಸ್ ಅವರ ಅಭಿಪ್ರಾಯದ ತಿರುಳು. ಆ ತೀರ್ಪು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ. ಕಕ್ಷಿದಾರರು ದಯವಿಟ್ಟು ಅದನ್ನು ಅರ್ಜಿಯ ಮೊದಲ ಪುಟದಲ್ಲಿ ಬರೆಸಲು ಹಟ ಹಿಡಿಯಬಾರದು.

ಗ್ರಂಥಪಾಲಕರನ್ನು ದೂರಲು ನನಗೆ ಮನಸ್ಸಿಲ್ಲ. ಸಭೆ ನಡೆದರೆ ಗಲಾಟೆ ಮಾಡುತ್ತೇವೆ ಎಂದು ಯಾರೋ ಫೋನ್ ಮಾಡುತ್ತಾರೆ, ಮೇಲಿನವರು ‘ನೀವೇ ನೋಡಿಕೊಳ್ಳಿ’ ಎನ್ನುತ್ತಾರೆ, ಕೊನೆಗೆ ಎರಡು ಸಾವಿರ ಪುಸ್ತಕ, ಒಬ್ಬ ಸಹಾಯಕ, ಒಂದು ಬೀಗ ಇಟ್ಟುಕೊಂಡ ಹೆಣ್ಣುಮಗಳು ‘ಆಡಳಿತಾತ್ಮಕ ಕಾರಣ’ ಎಂದು ಬರೆದು ಸಹಿ ಹಾಕುತ್ತಾರೆ. ಆದರೆ ಗಲಾಟೆಯ ಬೆದರಿಕೆ ನಿರಾಕರಣೆಗೆ ಸಾಕಾಗುವ ಕಾರಣವಲ್ಲ. ಮೀಸಲಾತಿ ನೀತಿಯನ್ನು ಟೀಕಿಸಿದ್ದ ತಮಿಳು ಚಿತ್ರವೊಂದರ ಸಂಬಂಧ, ರಂಗರಾಜನ್ ಪ್ರಕರಣದಲ್ಲಿ, ಪ್ರತಿಭಟನೆ ಹಿಂಸಾಚಾರಗಳ ಬೆದರಿಕೆಗೆ ಮಣಿದು ಅಭಿವ್ಯಕ್ತಿಯನ್ನು ಹತ್ತಿಕ್ಕುವಂತಿಲ್ಲ, ವಿರೋಧಿ ಗುಂಪನ್ನು ನಿಭಾಯಿಸಲಾರೆ ಎಂದು ಸರ್ಕಾರ ಕೈಚೆಲ್ಲುವಂತಿಲ್ಲ ಎಂದು 1989ರಲ್ಲಿ ಸುಪ್ರೀಂ ಕೋರ್ಟಿನಿಂದ ತೀರ್ಪಾಗಿದೆ. ಆ ಫೋನ್ ಬಂದಾಗ ಗ್ರಂಥಪಾಲಕರು ಹಿಂಬರಹ ಬರೆಯುವ ಬದಲು ಪೊಲೀಸ್ ಠಾಣೆಗೆ ಒಂದು ಪತ್ರ ಬರೆಯಬೇಕು.

ಯಾವ ರಾಜಕೀಯ ಪಕ್ಷಕ್ಕೂ ಸಭಾಂಗಣ ಕೊಡುವುದಿಲ್ಲ ಎಂಬಂಥ ಸಾಮಾನ್ಯ ನಿಯಮವನ್ನು ಮೊದಲೇ ಲಿಖಿತವಾಗಿ ಮಾಡಿಟ್ಟಿದ್ದರೆ ಅದು ಬಹುಮಟ್ಟಿಗೆ ಊರ್ಜಿತವಾಗಬಹುದು. ಒಂದು ಪಕ್ಷ ಅರ್ಜಿ ಕೊಟ್ಟ ಮರುದಿನ ಹುಟ್ಟಿದ ನಿಯಮ ಊರ್ಜಿತವಾಗುವುದು ಅನುಮಾನ. ಖಾಸಗಿ ಟ್ರಸ್ಟಿನ ಗ್ರಂಥಾಲಯವಾದರೆ ಈ ಲೇಖನದ ಬಹುಪಾಲು ಅನ್ವಯಿಸುವುದೇ ಇಲ್ಲ.

ಮೇಷ್ಟ್ರಿಂದ ರಿಟ್ ಬದಲು ಮಾಹಿತಿ ಹಕ್ಕಿನ ಅರ್ಜಿ ಹಾಕಿಸಿದೆ. ನಮ್ಮ ರಾಜ್ಯದ ನಿಯಮದಲ್ಲಿ ಆ ಅರ್ಜಿ 150 ಪದ ಮೀರುವಂತಿಲ್ಲ. ಮೇಷ್ಟ್ರ ಮೊದಲ ಕರಡು ನಾಲ್ಕು ಪುಟವಿತ್ತು, ಸ್ವಾತಂತ್ರ್ಯ ಚಳವಳಿಯಿಂದ ಆರಂಭವಾಗುತ್ತಿತ್ತು. ಕೊನೆಗೆ ಬಂದ ರಿಜಿಸ್ಟರಿನ ಪ್ರತಿಯಲ್ಲಿ ಖಾಸಗಿ ಸಂಘಗಳಿಗೆ ಕೊಟ್ಟ ಹನ್ನೊಂದು ದಾಖಲೆಗಳಿದ್ದವು. ಅದನ್ನು ಲಗತ್ತಿಸಿ ಮೇಲಧಿಕಾರಿಗೆ ಒಂದು ಮನವಿ ಕೊಟ್ಟೆವು. ಭಾಷಣಗಳ ಪ್ರತಿಯನ್ನು ಮುಂಚಿತವಾಗಿ ಸಲ್ಲಿಸಬೇಕೆಂಬ ಷರತ್ತಿನೊಂದಿಗೆ ಅನುಮತಿ ಬಂತು. ಆ ಷರತ್ತು ಕಾನೂನಿನಲ್ಲಿ ನಿಲ್ಲುವುದು ಕಷ್ಟವೆಂದು ನನ್ನ ಅಭಿಪ್ರಾಯ, ಆದರೆ ಅದಕ್ಕಾಗಿ ಉಚ್ಚ ನ್ಯಾಯಾಲಯಕ್ಕೆ ಹೋಗುವುದು ಬೇಡವೆನಿಸಿ, ಮಾತನಾಡುವವರು ಬರೆದುಕೊಂಡು ಬರುವವರಲ್ಲ ಎಂದು ಉತ್ತರ ಬರೆಸಿದೆ. ಹೆಸರುಗಳ ಪಟ್ಟಿಯಲ್ಲಿಯೇ ಅವರು ತೃಪ್ತರಾದರು.

ಸಂವಾದಕ್ಕೆ ನಾನೂ ಹೋಗಿದ್ದೆ. ಮುಚ್ಚುವ ಹೊತ್ತಾಯಿತೆಂದು ಸಹಾಯಕ ಬೀಗದ ಕೈ ಹಿಡಿದು ಬಾಗಿಲಲ್ಲಿ ನಿಂತಾಗ ಇನ್ನೂ ಇಬ್ಬರು ಮಾತನಾಡುವವರಿದ್ದರು. ಮೇಷ್ಟ್ರು ನನ್ನ ಮುಖ ನೋಡಿದರು. ವೇಳೆಯ ನಿಯಮ ಯೋಗ ಶಿಬಿರದವರಿಗೂ ಇದೇ ಇತ್ತು ಎಂದು ನಾನೇ ಎದ್ದು ಹೇಳಬೇಕಾಯಿತು. ಉಳಿದ ಮಾತು ಕೆಳಗೆ, ಬೀದಿಯಲ್ಲಿ, ಚಹಾದ ಗಾಡಿಯ ಪಕ್ಕದಲ್ಲಿ ನಡೆಯಿತು.