ಓದುಗರ ಪ್ರಶ್ನೆ: ಮೃಗಾಲಯದ ಚೀತಾ ಗರ್ಭ ಧರಿಸಿದೆಯೇ ಎಂದು ಬೇಗನೆ ತಿಳಿಯಲು ಸಾಧ್ಯವೇ?

ಪ್ರಶ್ನೆ: ಮಹಿಳೆಯರಲ್ಲಿ ಮುಟ್ಟು ತಪ್ಪಿದ ಕೆಲವೇ ದಿನಗಳಲ್ಲಿ ಮೂತ್ರ ಪರೀಕ್ಷೆಯಿಂದ ಗರ್ಭ ಖಚಿತವಾಗುತ್ತದೆ. ಮೃಗಾಲಯದ ಹುಲಿ, ಚೀತಾಗಳಿಗೆ ಅದೇ ಪರೀಕ್ಷೆ ಮಾಡಬಾರದೇಕೆ?

ಉತ್ತರ: ಆ ಪರೀಕ್ಷೆ ಗುರುತಿಸುವುದು ಎಚ್‌ಸಿಜಿ ಎಂಬ ಹಾರ್ಮೋನನ್ನು, ಬೆಕ್ಕಿನ ಕುಟುಂಬದ ಪ್ರಾಣಿಗಳಲ್ಲಿ ಅದು ಇರುವುದೇ ಇಲ್ಲ. ಅವುಗಳಲ್ಲಿ ಮುಖ್ಯವಾಗಿ ಗಮನಿಸುವುದು ಗರ್ಭವನ್ನು ಉಳಿಸಿಕೊಳ್ಳಲು ನೆರವಾಗುವ ಪ್ರೊಜೆಸ್ಟರಾನ್ ಎಂಬ ಹಾರ್ಮೋನನ್ನು. ಯಕೃತ್ತಿನಲ್ಲಿ ರೂಪಾಂತರಗೊಂಡ ಈ ಹಾರ್ಮೋನಿನ ಅಂಶಗಳು ಬಹುಪಾಲು ಮಲದ ಮೂಲಕವೇ ಹೊರಬೀಳುವುದರಿಂದ, ಪ್ರಾಣಿಗೆ ಅರಿವಳಿಕೆ ಕೊಟ್ಟು ರಕ್ತ ತೆಗೆಯುವ ಅಪಾಯವನ್ನು ತಪ್ಪಿಸಬಹುದು. ಆವರಣದಲ್ಲಿ ಬಿದ್ದ ತಾಜಾ ಮಲವನ್ನು ಸಂಗ್ರಹಿಸಿ, ಶೈತ್ಯೀಕರಿಸಿ ಇಟ್ಟು, ಅದರಿಂದ ಹಾರ್ಮೋನಿನ ಅಂಶವನ್ನು ಬೇರ್ಪಡಿಸಿ ಅಳೆಯುತ್ತಾರೆ. ಹೈದರಾಬಾದಿನ ಸಿಸಿಎಂಬಿ (ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರ) ಸಂಸ್ಥೆಯ, ಅಳಿವಿನಂಚಿನ ಪ್ರಾಣಿಗಳ ಸಂರಕ್ಷಣೆಗೆಂದೇ ಇರುವ ಲಾಕೋನ್ಸ್ ಪ್ರಯೋಗಾಲಯವೂ ದೊಡ್ಡ ಬೆಕ್ಕುಗಳಿಗಾಗಿ ಇಂಥ ಮಲಪರೀಕ್ಷಾ ವಿಧಾನವನ್ನು ರೂಪಿಸಿದೆ.

ಆದರೆ ಪ್ರೊಜೆಸ್ಟರಾನ್ ಏರಿದ ಮಾತ್ರಕ್ಕೆ ಗರ್ಭ ನಿಂತಿದೆ ಎನ್ನಲಾಗದು. ಚೀತಾದಲ್ಲಿ ಸಾಮಾನ್ಯವಾಗಿ ಮಿಲನದ ಪ್ರಚೋದನೆಯಿಂದಲೇ ಅಂಡ ಬಿಡುಗಡೆಯಾಗುತ್ತದೆ. ಅಂಡ ಫಲಿಸದಿದ್ದರೂ ಅಂಡಾಶಯ ಕೆಲವು ವಾರಗಳ ಕಾಲ ಪ್ರೊಜೆಸ್ಟರಾನ್ ಸ್ರವಿಸುತ್ತಲೇ ಇರುತ್ತದೆ. ಇದೇ ಹುಸಿ ಗರ್ಭ. ಚೀತಾದ ನಿಜವಾದ ಗರ್ಭ ಸುಮಾರು 90ರಿಂದ 95 ದಿನಗಳದ್ದಾದರೆ, ಹುಸಿ ಗರ್ಭದಲ್ಲಿ ಹಾರ್ಮೋನಿನ ಮಟ್ಟ ಸುಮಾರು 55ನೇ ದಿನದ ಹೊತ್ತಿಗೆ ಇಳಿಯುತ್ತದೆ. ಅಲ್ಲಿಯವರೆಗೆ ಎರಡರ ಏರಿಕೆಯೂ ಹೆಚ್ಚುಕಡಿಮೆ ಒಂದೇ ಬಗೆಯದು. ಆದ್ದರಿಂದ ಒಂದೇ ಮಾದರಿಯ ಫಲಿತಾಂಶವನ್ನು ನೆಚ್ಚಿ ತೀರ್ಮಾನಕ್ಕೆ ಬರುವುದು ಸರಿಯಲ್ಲವೆಂಬುದೇ ನನ್ನ ದೃಢ ಅಭಿಪ್ರಾಯ. ಮಿಲನಕ್ಕೂ ಮೊದಲಿನಿಂದ ಅದೇ ಪ್ರಾಣಿಯ ಮಾದರಿಗಳನ್ನು ಸತತವಾಗಿ ಸಂಗ್ರಹಿಸಿ, ಅದರ ಸಹಜ ಮಟ್ಟದೊಡನೆ ಹೋಲಿಸಿ ನೋಡಬೇಕು. ಒಂದೇ ಆವರಣದಲ್ಲಿ ಎರಡು ಹೆಣ್ಣುಗಳಿದ್ದರೆ, ಯಾವುದರ ಮಲ ಯಾವುದೆಂದು ತಿಳಿಯಲು ಒಂದರ ಆಹಾರದಲ್ಲಿ ನಿರಪಾಯಕಾರಿ ಬಣ್ಣ ಬೆರೆಸುವುದುಂಟು.

ಇನ್ನೂ ಬೇಗ ತಿಳಿಯುವ ದಾರಿಯನ್ನು ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ವಿಜ್ಞಾನಿಗಳು ಹಾರ್ಮೋನಿನ ಆಚೆಗೆ ಹುಡುಕಿದ್ದಾರೆ. ಇಮ್ಯುನೊಗ್ಲಾಬ್ಯುಲಿನ್ ಜೆ ಚೈನ್ ಎಂಬ ಪ್ರೋಟೀನು ಗರ್ಭಿಣಿ ಚೀತಾಗಳ ಮಲದಲ್ಲಿ ಮೊದಲ ನಾಲ್ಕು ವಾರಗಳಲ್ಲೇ ಹೆಚ್ಚಿರುವುದನ್ನು ಅವರು ಕಂಡಿದ್ದಾರೆ. ಬರ್ಲಿನ್ನಿನ ಲೈಬ್ನಿಟ್ಸ್ ವನ್ಯಜೀವಿ ಸಂಶೋಧನಾ ಸಂಸ್ಥೆಯವರು ಗುರುತಿಸಿದ ಪಿಜಿಎಫ್‌ಎಂ (ಪ್ರೊಸ್ಟಗ್ಲಾಂಡಿನ್ ಎಂಬ ಹಾರ್ಮೋನಿನಂಥ ರಾಸಾಯನಿಕದ ರೂಪಾಂತರ) ಎಂಬ ಅಂಶ ಗರ್ಭದ ಕೊನೆಯ ಮೂರನೇ ಒಂದು ಭಾಗದಲ್ಲಿ ಏರುವುದರಿಂದ, ಅದು ಬೇಗನೆ ಪತ್ತೆ ಮಾಡುವುದಕ್ಕಿಂತ ಖಚಿತಪಡಿಸಿಕೊಳ್ಳುವುದಕ್ಕೇ ಹೆಚ್ಚು ಉಪಯುಕ್ತ.

ಪ್ರೊಜೆಸ್ಟರಾನ್ ಒಂದನ್ನೇ ನೆಚ್ಚಿದರೂ, 60ನೇ ದಿನ ದಾಟಿದ ಮೇಲೂ ಅದರ ಮಟ್ಟ ಇಳಿಯದಿದ್ದರೆ, ಹೆರಿಗೆಯ ಗೂಡನ್ನು ಸಿದ್ಧಪಡಿಸಿ, ಕ್ಯಾಮೆರಾ ಅಳವಡಿಸಿ, ಸಂದರ್ಶಕರ ಗದ್ದಲ ತಗ್ಗಿಸಲು ಪಾಲಕರಿಗೆ ಇನ್ನೂ ಸುಮಾರು ಒಂದು ತಿಂಗಳ ಕಾಲಾವಕಾಶ ಉಳಿದಿರುತ್ತದೆ.