ಅಮೆಜಾನ್ ಸ್ವೋರ್ಡ್‌ಗೆ ಕತ್ತರಿ ಎಲ್ಲಿ ಹಾಕಬೇಕು?

ಪ್ರಶ್ನೆ: ಎರಡಡಿ ಅಕ್ವೇರಿಯಂನಲ್ಲಿ ಅಮೆಜಾನ್ ಸ್ವೋರ್ಡ್ ನೆಟ್ಟು ಒಂದೂವರೆ ವರ್ಷವಾಯಿತು. ಈಗ ತೊಟ್ಟಿ ತುಂಬ ಅದೇ. ಎಲೆಗಳನ್ನು ಅರ್ಧಕ್ಕೆ ಕತ್ತರಿಸಿದೆ. ಚಿಗುರು ಬರಲಿಲ್ಲ, ಕತ್ತರಿಸಿದ ಅಂಚು ಕಂದಾಗಿ ಕೊಳೆಯುತ್ತಿದೆ. ಏನು ಮಾಡಲಿ?
– ಓದುಗರೊಬ್ಬರು, ಶಿಡ್ಲಘಟ್ಟ

ಉತ್ತರ: ಹಿಪ್ಪುನೇರಳೆ ನಾಡಿನವರು ನೀವು, ಈ ತಪ್ಪು ಆಗದಿದ್ದರೇ ಆಶ್ಚರ್ಯ! ಹಿಪ್ಪುನೇರಳೆ ಕಡ್ಡಿಯಲ್ಲಿ ಎಲೆ ಎಲೆಯ ಬುಡಕ್ಕೂ ಒಂದೊಂದು ಕಣ್ಣಿರುತ್ತದೆ. ಎಲ್ಲಿ ಕತ್ತರಿಸಿದರೂ ಕೆಳಗಿನ ಕಣ್ಣು ಒಡೆಯುತ್ತದೆ. ಅಕ್ವೇರಿಯಂ ಗಿಡಗಳಲ್ಲೂ ಹೈಗ್ರೋಫಿಲಾದಂಥ ಕಾಂಡದ ಜಾತಿಗಳು ಹೀಗೇ, ತುದಿ ಕತ್ತರಿಸಿದರೆ ಕವಲೊಡೆಯುತ್ತವೆ. ಸ್ವೋರ್ಡ್ ಹಾಗಲ್ಲ. ಅದು ತೆಂಗಿನ ಲೆಕ್ಕ: ಬೆಳವಣಿಗೆಯೆಲ್ಲ ನಡುವಿನ ಸುಳಿಯಲ್ಲಿ. ನೀವು ಕತ್ತರಿಸಿದ್ದು ಗರಿ. ಅರ್ಧ ಗರಿ ಮತ್ತೆ ಬೆಳೆಯುವುದಿಲ್ಲ.

ಹಾಗಾಗಿ ಹೊರಸುತ್ತಿನ ಹಳೇ ಎಲೆಗಳನ್ನಷ್ಟೇ, ತೊಟ್ಟಿನ ಬುಡದಲ್ಲಿ, ಸುಳಿಗೆ ತಾಗದಂತೆ ಕತ್ತರಿಸಿ. ಒಂದು ಸಲಕ್ಕೆ ಮೂರು-ನಾಲ್ಕು ಸಾಕು, ಮೂರರಲ್ಲೊಂದು ಪಾಲು ದಾಟಬೇಡಿ. ಒಮ್ಮೆಗೇ ಬೋಳಿಸಿದರೆ ಗಿಡ ಉಣ್ಣುವುದು ಕಡಿಮೆಯಾಗಿ, ಉಳಿದ ಪೋಷಕಾಂಶ ಪಾಚಿಯ ಪಾಲಾಗುತ್ತದೆ.

ಎಲೆ ತೆಗೆದರೆ ತಾತ್ಕಾಲಿಕವಾಗಿ ಜಾಗ ಸಿಗುತ್ತದೆ ಅಷ್ಟೆ. ಗಿಡದ ಗಾತ್ರ ನಿಲ್ಲಬೇಕಾದರೆ ಕೈ ಹಾಕಬೇಕಾದ್ದು ಬೇರಿಗೆ. ತೊಟ್ಟಿಯ ತಳದ ಗಾಜನ್ನು ಪಕ್ಕದಿಂದ ನೋಡಿ, ಬಿಳಿ ದಾರದಂಥ ಬೇರು ಆ ಮೂಲೆಯವರೆಗೂ ಹೋಗಿರುತ್ತದೆ. ಉದ್ದನೆಯ ತೆಳು ಚಾಕುವನ್ನು ಸುಳಿಯಿಂದ ನಾಲ್ಕು ಬೆರಳು ದೂರದಲ್ಲಿ ಮರಳಿಗೆ ನೇರ ಇಳಿಸಿ, ಅರ್ಧ ವೃತ್ತದಷ್ಟು ಬೇರು ಕತ್ತರಿಸಿ. ಮಿಕ್ಕ ಅರ್ಧ ತಿಂಗಳ ನಂತರ. ಕೆಲವು ವಾರ ಗಿಡ ಮಂಕಾಗಿ, ಆಮೇಲೆ ಬರುವ ಎಲೆಗಳು ಚಿಕ್ಕದಾಗುತ್ತವೆ.

ಬೇರು ಕತ್ತರಿಸದೆ ಹಾಗೇ ಕಿತ್ತು ಬೇರೆಡೆ ನೆಡುವ ಆಸೆ ಮಾತ್ರ ಬೇಡ. ನಾನು ಒಮ್ಮೆ ಎರಡು ವರ್ಷದ ಗಿಡವನ್ನು ಹಾಗೇ ಎಳೆದೆ. ಬೇರಿನ ಜೊತೆ ಅರ್ಧ ಮರಳು ಎದ್ದು ಬಂತು, ನೀರು ಕಾಫಿ ಡಿಕಾಕ್ಷನ್ ಆಯಿತು, ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ರಾತ್ರಿ ಹತ್ತರವರೆಗೆ ಬಕೆಟ್ಟಿನಲ್ಲಿ ನೀರು ಹೊತ್ತೆ.

ನೀವು ಕೇಳಲಿಲ್ಲ, ಆದರೂ ನೀರಿನ ಮಾತು ಹೇಳಲೇಬೇಕು. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಬೋರ್‌ವೆಲ್ ನೀರು ಪಾತ್ರೆಗೆ ಬಿಳಿ ಪೊರೆ ಕಟ್ಟುವಂಥದ್ದು. ಅಂಥ ಗಡಸು ನೀರಿನಲ್ಲಿ ಕಬ್ಬಿಣ ಕರಗಿ ನಿಲ್ಲದೆ, ಹೊಸ ಎಲೆ ಹಸಿರು ನರ ಬಿಟ್ಟು ಉಳಿದಂತೆ ಹಳದಿಯಾಗಬಹುದು. ತೊಟ್ಟಿಯ ನೀರು ಆವಿಯಾದಾಗ ಮತ್ತೆ ಬೋರ್ ನೀರನ್ನೇ ತುಂಬಿದರೆ ಲವಣ ಕೂಡುತ್ತಲೇ ಹೋಗುತ್ತದೆ. ಅಷ್ಟಕ್ಕೆ ಊರಿನ ಶುದ್ಧ ನೀರಿನ ಘಟಕದ ಆರ್‌ಓ ನೀರು ಹಾಕಿ.

ಕಬ್ಬಿಣಕ್ಕೆ ಅಂಗಡಿಯ ಗುಳಿಗೆ ಇದೆ. ಅಗ್ಗದ ದಾರಿ ನಮ್ಮದೇ ಕೆಮ್ಮಣ್ಣು: ಜರಡಿ ಹಿಡಿದು, ಬಟಾಣಿ ಗಾತ್ರದ ಉಂಡೆ ಕಟ್ಟಿ, ಒಣಗಿಸಿ, ಬೇರಿನ ಹತ್ತಿರ ಮರಳಿನ ಆಳಕ್ಕೆ ನಾಲ್ಕೈದು ತುರುಕಿ. ಗಾಳಿಯಾಡದ ಆ ಆಳದಲ್ಲಿ ಬೇರಿಗೆ ಕಬ್ಬಿಣ ಸಿಗುತ್ತದೆ. ಗೊಬ್ಬರ ಬಿದ್ದ ಹೊಲದ ಮಣ್ಣು ಬೇಡವೇ ಬೇಡ, ಅದರ ಅಮೋನಿಯಾ ಮೀನನ್ನು ಕೊಲ್ಲುತ್ತದೆ.

ಇನ್ನು ನೇರ ಮಾತು. ಈ ಗಿಡ ಅರ್ಧ ಮೀಟರ್ ಎತ್ತರ ಬೆಳೆಯುವಂಥದ್ದು. ನಿಮ್ಮದು 60×30×30 ಸೆಂ.ಮೀ. ತೊಟ್ಟಿಯಾದರೆ 54 ಲೀಟರ್, ಜಗಳ ತಪ್ಪಿದ್ದಲ್ಲ. ಮುಂದೆ ಅದು ಉದ್ದನೆಯ ಕಡ್ಡಿ ಬಿಟ್ಟು, ಗಿಣ್ಣುಗಳಲ್ಲಿ ಮರಿಗಿಡ ಹಾಕಬಹುದು. ಅವಸರಪಟ್ಟು ಕಡ್ಡಿ ಕತ್ತರಿಸಬೇಡಿ. ಮರಿಗೆ ನಾಲ್ಕೈದು ಎಲೆ, ಎರಡಂಗುಲ ಬೇರು ಬಂದ ಮೇಲೆ ಬಿಡಿಸಿ ಬೇರೆ ನೆಡಿ. ಆಗ ತಾಯಿಗಿಡವನ್ನು ನಾಲ್ಕಡಿ ತೊಟ್ಟಿ ಇರುವ ಸ್ನೇಹಿತರಿಗೆ ದಾಟಿಸಿದರೂ ನಷ್ಟವಿಲ್ಲ.